ಕಾವಲಿನ ಮೊದಲ ಮೆಟ್ಟಿಲು

ನಮ್ಮ ಸೀಮೆಯ ಹಳ್ಳಿಗಳಲ್ಲಿ ಹಿಂದೆ ತಳವಾರನೆಂಬ ಗ್ರಾಮಸೇವಕನೊಬ್ಬನಿರುತ್ತಿದ್ದ. ಊರ ಕಾವಲು ಅವನ ಹೊಣೆ. ನಾಯಿ ಬೊಗಳುವ ಬಗೆಯಿಂದಲೇ ಊರ ಅಂಚಿಗೆ ಬಂದವನು ನೆಂಟನೋ ಕಳ್ಳನೋ ಎಂದು ಅವನು ಊಹಿಸಬಲ್ಲವನಾಗಿದ್ದನೆಂದು ಹಿರಿಯರು ಹೇಳುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕೇಳಿದ್ದೇನೆ. ಈ ವಿದ್ಯೆಯನ್ನು ಅವನಿಗೆ ಕಲಿಸಿದ ಮಠವೂ ಇಲ್ಲ, ಸಾಲೆಯೂ ಇಲ್ಲ. ಎಳೆಯ ವಯಸ್ಸಿನಲ್ಲಿ ತಂದೆಯ ಹಿಂದೆ ಕಂದೀಲು ಹಿಡಿದು ನಡೆದದ್ದೇ ಅವನ ಶಿಕ್ಷಣ. ಏನೂ ನಡೆಯದ ನೂರಾರು ರಾತ್ರಿಗಳನ್ನು ಎಚ್ಚರವಾಗಿ ಕಳೆದವನಿಗೆ ಮಾತ್ರ, ಏನೋ ನಡೆಯಲಿರುವ ಒಂದು ರಾತ್ರಿಯ ಗುರುತು ಸಿಕ್ಕುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯಿಂದ ವಂಶಪಾರಂಪರ್ಯದ ಆ ಹುದ್ದೆಗಳು ಕೊನೆಗೊಂಡವು. ಹುಟ್ಟಿನಿಂದ ವೃತ್ತಿಯನ್ನು ಕಟ್ಟಿಹಾಕುವ ಪದ್ಧತಿ ಹೋದದ್ದು ಒಳ್ಳೆಯದೇ ಆಯಿತು. ಆದರೆ ಕಾವಲೆಂಬ ಕೆಲಸ ಹೋಗಲಿಲ್ಲ. ಅದು ವೇಷ ಬದಲಿಸಿತು, ಅಷ್ಟೆ.

ಈ ಹಳೆಯ ಮಾತು ನನಗೆ ನೆನಪಾದದ್ದು ಒಬ್ಬ ವಿದ್ಯಾರ್ಥಿಯ ಪ್ರಶ್ನೆಯಿಂದ. ಬೆಳಗಾವಿಯ ಶಿವಬಸವ ನಗರ ವಿದ್ಯಾರ್ಥಿಗಳ ನಗರ. ನಾಗನೂರು ರುದ್ರಾಕ್ಷಿಮಠದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದ ಹಳ್ಳಿಯ ಮಕ್ಕಳು ನಾಡಿನ ಎಲ್ಲ ಕಡೆ ಇದ್ದಾರೆ. ನೀರಾವರಿ ತಜ್ಞರಾದ ಎಸ್. ಜಿ. ಬಾಳೇಕುಂದ್ರಿಯವರ ಹೆಸರಿನ ತಾಂತ್ರಿಕ ವಿದ್ಯಾಲಯವೂ ಇಲ್ಲಿಯೇ ಇದೆ. ಸಂಜೆಯ ಹೊತ್ತು ಚಹಾದ ಅಂಗಡಿಯ ಮುಂದೆ ನಿಂತ ಹುಡುಗರ ಮಾತಿಗೆ ಕಿವಿಗೊಟ್ಟರೆ ಸಾಕು, ಮುಂದಿನ ಕಾಲ ಯಾವ ದಿಕ್ಕಿಗೆ ಹೊರಟಿದೆ ಎಂಬುದು ತಿಳಿಯುತ್ತದೆ. ಗಣಕಜಾಲದ ಸುರಕ್ಷತೆಯನ್ನು, ಎಂದರೆ ಸೈಬರ್ ಸುರಕ್ಷತೆಯನ್ನು ವಿಶೇಷವಾಗಿ ಅಭ್ಯಾಸ ಮಾಡುತ್ತಿದ್ದ ಹುಡುಗನೊಬ್ಬ ನನ್ನನ್ನು ಹೀಗೆ ಕೇಳಿದ:

“ಸರ, ರಾತ್ರಿ ಪಾಳಿಯೊಳಗ ಕುಂತು ಸ್ಕ್ರೀನ್ ನೋಡೂದೇ ನಮ್ಮ ಮೊದಲನೇ ನೌಕರಿ ಅಂತ ತಿಳ್ಕೊಂಡಿದ್ವಿ. ಈಗ ಆ ನೋಡೂ ಕೆಲಸಾನೂ ಮಷೀನೇ ಮಾಡತೈತಂತ. ಹಂಗಾದ್ರ ನಾವು ಎಲ್ಲಿಂದ ಶುರು ಮಾಡೂದ್ರಿ?”

ನಾನು ಇತಿಹಾಸವನ್ನು ಓದಿದವನೇ ಹೊರತು ಯಂತ್ರಶಾಸ್ತ್ರವನ್ನಲ್ಲ. ಆದರೂ ಆ ಪ್ರಶ್ನೆ ಇತಿಹಾಸಕ್ಕೆ ಸೇರಿದ್ದೆಂದು ನನಗೆ ತೋರಿತು. ಯಂತ್ರವು ಮನುಷ್ಯನ ಕೈಯಿಂದ ಕೆಲಸವನ್ನು ತೆಗೆದುಕೊಂಡದ್ದು ಇದೇ ಮೊದಲಲ್ಲ. ಹಿಂದೆ ತೆಗೆದುಕೊಂಡಾಗ ಏನಾಯಿತು ಎಂಬುದನ್ನು ನೋಡಿದರೆ ಮುಂದಿನದಕ್ಕೆ ಸ್ವಲ್ಪ ಬೆಳಕು ಬಿದ್ದೀತು.

ಸ್ವಯಂಚಾಲನದ ಕಥೆಯೊಂದು ಆರಂಭವಾದದ್ದೇ ಕಾವಲಿನ ಮೇಲಿನ ಅಪನಂಬಿಕೆಯಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಕಾನ್ಸಾಸ್ ನಗರದಲ್ಲಿ ಆಲ್ಮನ್ ಸ್ಟ್ರೌಜರ್ ಎಂಬ ಒಬ್ಬ ಗೃಹಸ್ಥನಿದ್ದ. ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವುದು ಅವನ ವೃತ್ತಿ. ದೂರವಾಣಿ ವಿನಿಮಯ ಕೇಂದ್ರದಲ್ಲಿ ತಂತಿಗಳನ್ನು ಜೋಡಿಸುವ ಹೆಣ್ಣುಮಗಳು ತನಗೆ ಬರಬೇಕಾದ ಕರೆಗಳನ್ನು ತನ್ನ ಪ್ರತಿಸ್ಪರ್ಧಿಗೆ ತಿರುಗಿಸುತ್ತಿದ್ದಾಳೆಂದು ಅವನಿಗೆ ಸಂಶಯ ಬಂದಿತಂತೆ. ಈ ಸಂಶಯದ ಕಥೆ ನಿಜವಿರಲಿ, ಬೆಳೆದು ಬಂದ ಐತಿಹ್ಯವಿರಲಿ. ಮನುಷ್ಯನ ಮಧ್ಯಸ್ಥಿಕೆಯಿಲ್ಲದೆ ಕರೆಯನ್ನು ಜೋಡಿಸುವ ಯಂತ್ರಕ್ಕೆ ಅವನು 1891ರಲ್ಲಿ ಹಕ್ಕುಪತ್ರ ಪಡೆದದ್ದೂ, ಮರುವರ್ಷವೇ ಇಂಡಿಯಾನಾದ ಲಾ ಪೋರ್ಟ್ ಎಂಬ ಊರಿನಲ್ಲಿ ಅಂಥ ಕೇಂದ್ರ ಆರಂಭವಾದದ್ದೂ ಇತಿಹಾಸ. ನಮ್ಮ ದೇಶದಲ್ಲಿ ಮೊದಲ ಸ್ವಯಂಚಾಲಿತ ಕೇಂದ್ರ ಬಂದದ್ದು 1913-14ರಲ್ಲಿ, ಶಿಮ್ಲಾದಲ್ಲಿ. ಒಂದು ಊರಿನಿಂದ ಇನ್ನೊಂದು ಊರಿಗೆ ಗ್ರಾಹಕನೇ ನೇರವಾಗಿ ಕರೆಮಾಡುವ ಎಸ್.ಟಿ.ಡಿ. ಸೌಕರ್ಯ ಲಖನೌ ಮತ್ತು ಕಾನ್ಪುರಗಳ ನಡುವೆ ಆರಂಭವಾದದ್ದು 1960ರಲ್ಲಿ.

ಈ ಕಥೆಯ ಮುಂದಿನ ಅಧ್ಯಾಯ ನಮ್ಮ ಜಿಲ್ಲೆಯಲ್ಲಿಯೇ ನಡೆಯಿತೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿದೆಯೋ! 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆ ನಮ್ಮ ಹಳ್ಳಿಗಳಿಗಾಗಿಯೇ 128 ಸಂಪರ್ಕಗಳ ಒಂದು ಪುಟ್ಟ ಸ್ವಯಂಚಾಲಿತ ಕೇಂದ್ರವನ್ನು ರೂಪಿಸಿತು. ತಂಪಿನ ಕೋಣೆ ಬೇಡ. ನಮ್ಮ ಬಿಸಿಲನ್ನೂ ಧೂಳನ್ನೂ ಅದು ತಡೆದುಕೊಳ್ಳಬೇಕು ಎಂಬುದು ಅದರ ನಿರ್ಮಾಪಕರ ಸಂಕಲ್ಪವಾಗಿತ್ತು. ಆ ಯಂತ್ರ 1986ರ ಜುಲೈ ತಿಂಗಳಲ್ಲಿ ಮೊದಲು ಕೆಲಸಕ್ಕೆ ನಿಂತದ್ದು ಕಿತ್ತೂರಿನಲ್ಲಿ. ಚೆನ್ನಮ್ಮ ರಾಣಿಯ ಕೋಟೆ ನೋಡಲು ಹೋಗುವ ನಾವು ಈ ಎರಡನೆಯ ಇತಿಹಾಸವನ್ನು ನೆನೆಯುವುದಿಲ್ಲ.

ಆ ಯಂತ್ರದಿಂದ ದೊಡ್ಡ ಉಪಕಾರವಾಯಿತು. ಪುಣೆಯಲ್ಲಿರುವ ಮಗನೊಡನೆ ಮೂರು ನಿಮಿಷ ಮಾತನಾಡಲು ಅರ್ಧ ದಿನ ಕಾಯುವ ಕಾಲ ಕಳೆದುಹೋಯಿತು. ಆದರೆ ಸಣ್ಣ ಊರಿನ ಆಪರೇಟರರು ಬರಿಯ ತಂತಿ ಜೋಡಿಸುವವರಾಗಿರಲಿಲ್ಲ. “ಡಾಕ್ಟರು ದವಾಖಾನೆಯಲ್ಲಿಲ್ಲ, ಈಗಷ್ಟೇ ಇಂಥವರ ಮನೆಗೆ ಹೋದರು, ಅಲ್ಲಿಗೇ ಕೊಡುತ್ತೇನೆ” ಎನ್ನುವವರು ಅವರು. ಅಪರಾತ್ರಿಯಲ್ಲಿ ಯಾರ ದನಿ ಗಾಬರಿಯದು, ಯಾರದು ಕುಚೋದ್ಯದ್ದು ಎಂಬುದು ಅವರಿಗೆ ತಿಳಿಯುತ್ತಿತ್ತು. ಯಂತ್ರವು ಅವರ ಕೈಯ ಕೆಲಸವನ್ನು ವಹಿಸಿಕೊಂಡಿತು. ಊರನ್ನು ಬಲ್ಲ ಅವರ ತಿಳಿವನ್ನು ಯಾರಿಗೂ ವಹಿಸದೆ ಬಿಟ್ಟಿತು. ಆಗ ಅದನ್ನು ಯಾರೂ ನಷ್ಟವೆಂದು ಲೆಕ್ಕಹಾಕಲಿಲ್ಲ. ಏಕೆಂದರೆ ಆ ತಿಳಿವಿಗೆ ಸಂಬಳದ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ.

ಇನ್ನು ಗಣಕಯಂತ್ರಗಳ ಕಾವಲಿಗೆ ಬರೋಣ. ಗಣಕಯಂತ್ರವು ತನ್ನೊಳಗೆ ಯಾರು ಬಂದರು, ಏನು ಮುಟ್ಟಿದರು, ಯಾವಾಗ ಹೊರಟರು ಎಂಬುದನ್ನು ಒಂದು ದಿನಚರಿಯಲ್ಲಿ ಬರೆದಿಡುತ್ತದೆ. ಇದಕ್ಕೆ ಲಾಗ್ ಎಂದು ಹೆಸರು. ಕಾವಲುಗಾರನ ಮೂಲ ಕೆಲಸ ಈ ದಿನಚರಿಯನ್ನು ಓದುವುದು. 1980ರಲ್ಲಿ ಜೇಮ್ಸ್ ಆಂಡರ್ಸನ್ ಎಂಬ ಅಮೆರಿಕದ ತಜ್ಞ ಒಂದು ವರದಿಯನ್ನು ಬರೆದ. ದಿನಚರಿಯ ರಾಶಿ ಮನುಷ್ಯನ ಕಣ್ಣಿಗೆ ಮೀರಿ ಬೆಳೆಯುತ್ತಿದೆ. ಅದರಿಂದ ಅಸಹಜವಾದುದನ್ನು ಆರಿಸಿಕೊಡುವ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಬೇಕು ಎಂಬುದು ಅದರ ತಾತ್ಪರ್ಯ. 1987ರಲ್ಲಿ ಡೊರೊತಿ ಡೆನಿಂಗ್ ಎಂಬ ವಿದುಷಿ ಈ ವಿಚಾರಕ್ಕೆ ಒಂದು ಶಾಸ್ತ್ರೀಯ ರೂಪವನ್ನು ಕೊಟ್ಟರು. ಎಂದ ಮೇಲೆ ಈ ವೃತ್ತಿಗೆ ಯಂತ್ರವೆಂಬುದು ನಿನ್ನೆ ಮೊನ್ನೆ ನುಗ್ಗಿದ ಪರಕೀಯನಲ್ಲ. ವೃತ್ತಿಯೂ ಯಂತ್ರವೂ ಒಂದೇ ತೊಟ್ಟಿಲಲ್ಲಿ ಬೆಳೆದವು.

ಆದರೂ ಆ ಆರಂಭದ ದಿನಗಳ ಅತ್ಯಂತ ಪ್ರಸಿದ್ಧವಾದ ಪತ್ತೇದಾರಿಕೆ ಯಂತ್ರದ್ದಲ್ಲ, ಮನುಷ್ಯನದು. 1986ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳ ವಿಜ್ಞಾನಿಗೆ ಒಂದು ಕ್ಷುಲ್ಲಕ ಕೆಲಸ ಗಂಟುಬಿತ್ತು. ಗಣಕಯಂತ್ರದ ಬಳಕೆಯ ಲೆಕ್ಕದಲ್ಲಿ 75 ಸೆಂಟುಗಳು ಹೊಂದಾಣಿಕೆಯಾಗುತ್ತಿರಲಿಲ್ಲ, ಏಕೆಂದು ನೋಡಬೇಕಾಗಿತ್ತು. ಒಂದು ಡಾಲರೂ ಇಲ್ಲದ ಆ ವ್ಯತ್ಯಾಸವನ್ನು ಬೇರೆ ಯಾರಾದರೂ ಕೈಬಿಟ್ಟು ಮುಂದೆ ಹೋಗುತ್ತಿದ್ದರು. ಸ್ಟಾಲ್ ಬಿಡಲಿಲ್ಲ. ತಂತಿಗಳಿಗೆ ಮುದ್ರಣಯಂತ್ರಗಳನ್ನು ಜೋಡಿಸಿ, ಒಳಬರುವ ಅಪರಿಚಿತನು ಒತ್ತುವ ಅಕ್ಷರ ಅಕ್ಷರವನ್ನೂ ಕಾಗದದ ಮೇಲೆ ಇಳಿಸಿಕೊಂಡು, ತಿಂಗಳುಗಟ್ಟಲೆ ಬೆನ್ನುಹತ್ತಿದ. ಕೊನೆಗೆ ಆ ಜಾಡು ಜರ್ಮನಿಯ ಹ್ಯಾನೋವರ್ ನಗರದವರೆಗೆ ಹೋಗಿ ಮುಟ್ಟಿತು. ಸೇನೆಯ ರಹಸ್ಯಗಳನ್ನು ಹುಡುಕಿ ಸೋವಿಯತ್ ಗುಪ್ತಚರರಿಗೆ ಮಾರುತ್ತಿದ್ದ ಗುಂಪೊಂದು ಬಯಲಾಯಿತು. ಹೊಸಬನಿಗೆ ಒಪ್ಪಿಸಿದ ಲೆಕ್ಕ ನೋಡುವ ಕೆಲಸವೇ ಈ ಎಲ್ಲಕ್ಕೂ ಬಾಗಿಲಾಯಿತೆಂಬುದನ್ನು ನಾವು ಮರೆಯಬಾರದು.

ಹಾಗೆಂದು ಮನುಷ್ಯನ ಕಣ್ಣೊಂದೇ ಸಾಕೆಂದು ಹೇಳುವುದು ಹಟಮಾರಿತನವಾದೀತು. 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಹರಿಯಬಿಟ್ಟ ತಾನೇ ಹರಡುವ ಕ್ರಮವಿಧಿ ಅಂದಿನ ಪುಟ್ಟ ಅಂತರಜಾಲದಲ್ಲಿ ಸಾವಿರಾರು ಗಣಕಗಳನ್ನು ಕುಂಠಿತಗೊಳಿಸಿತು. ಆ ಆಘಾತದಿಂದಲೇ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಮೊದಲ ತುರ್ತುಸ್ಪಂದನ ತಂಡ ಹುಟ್ಟಿತು. ಗಣಕಜಾಲವನ್ನು ಕಾಯಲು ತಂಡವೊಂದು ಬೇಕು ಎಂಬ ಮಾತು ಅಲ್ಲಿಂದ ಬೇರೂರಿತು. ಮುಂದೆ 2003ರ ಜನವರಿ 25ರಂದು ಬಂದ ಸ್ಲ್ಯಾಮರ್ ಎಂಬುದರ ಸಂಖ್ಯೆ ಆರಂಭದಲ್ಲಿ ಪ್ರತಿ ಎಂಟೂವರೆ ಸೆಕೆಂಡಿಗೆ ಇಮ್ಮಡಿಯಾಗುತ್ತಿತ್ತು. ತನಗೆ ಬಾಗಿಲು ತೆರೆದಿದ್ದ ಗಣಕಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚನ್ನು ಹತ್ತು ನಿಮಿಷಗಳೊಳಗೆ ಅದು ಹೊಕ್ಕಿತು. ಕಾವಲುಗಾರ ಎದ್ದು ಕನ್ನಡಕ ಹಾಕಿಕೊಳ್ಳುವುದರೊಳಗೆ ಊರು ಸುಟ್ಟುಹೋದಂತೆ. ಇಂಥ ವೇಗಕ್ಕೆ ಯಂತ್ರದ ವೇಗವೇ ಎದುರು ನಿಲ್ಲಬೇಕು.

ನಮ್ಮ ನಾಡಿನಲ್ಲಿ ಗಣಕಯಂತ್ರ ಬಂದದ್ದು ಜಗಳದ ನಡುವೆಯೇ. ಜೀವವಿಮಾ ನಿಗಮದ ನೌಕರರು 1960ರ ದಶಕದಲ್ಲಿ ಅದನ್ನು ತೀವ್ರವಾಗಿ ವಿರೋಧಿಸಿದರು. ಬ್ಯಾಂಕುಗಳಲ್ಲಿ ಯಂತ್ರೀಕರಣದ ಮಿತಿಯನ್ನು ಕುರಿತು ಆಡಳಿತದವರಿಗೂ ನೌಕರರ ಸಂಘಗಳಿಗೂ ಒಪ್ಪಂದವಾದದ್ದು 1983ರಲ್ಲಿ. ಬೆಂಗಳೂರಿಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದದ್ದು 1985ರಲ್ಲಿ. ಮಾಹಿತಿ ತಂತ್ರಜ್ಞಾನ ಕಾಯಿದೆ 2000ದ ಅಕ್ಟೋಬರ್ 17ರಂದು ಜಾರಿಗೆ ಬಂದಿತು. ಮರುವರ್ಷವೇ ಬೆಂಗಳೂರಿನಲ್ಲಿ ಸೈಬರ್ ಅಪರಾಧಗಳ ಪೊಲೀಸ್ ಠಾಣೆ ತೆರೆಯಿತು. ದೇಶಕ್ಕೆ ಇದು ಮೊದಲನೆಯದು. ರಾಷ್ಟ್ರಮಟ್ಟದ ತುರ್ತುಸ್ಪಂದನ ಸಂಸ್ಥೆಯಾದ ಸರ್ಟ್-ಇನ್ 2004ರಲ್ಲಿ ಕೆಲಸ ಆರಂಭಿಸಿತು. ಅತ್ತ 1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಸಿಕೊಂಡು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ರಾಮದುರ್ಗದ, ಗೋಕಾಕದ, ಖಾನಾಪುರದ ಮಕ್ಕಳು ಇಂಜಿನಿಯರರಾಗಿ ಬೆಂಗಳೂರಿನ ರೈಲು ಹತ್ತತೊಡಗಿದರು.

ಅಲ್ಲಿ ಅವರಿಗಾಗಿ ಕಾದಿದ್ದ ಕೆಲಸಗಳಲ್ಲಿ ಒಂದು, ಪರದೇಶದ ಕಂಪನಿಗಳ ಗಣಕಜಾಲದ ಕಾವಲು. ಅಮೆರಿಕದ ರಾತ್ರಿ ನಮಗೆ ಹಗಲು. ಅವರ ಹಗಲು ನಮಗೆ ರಾತ್ರಿ. ಆದುದರಿಂದ ಹಗಲಿರುಳು ಕಣ್ಣು ಮುಚ್ಚದ ಕಾವಲಿಗೆ ಬೆಂಗಳೂರು ಅನುಕೂಲವಾಯಿತು. ಈ ಕಾವಲುಮನೆಗಳಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತುಗಳು. ಎಲ್-ಒನ್ ಎಂಬ ಕೆಳಗಿನ ಅಂತಸ್ತಿನವನು ಯಂತ್ರವು ಕೊಡುವ ಎಚ್ಚರಿಕೆಗಳನ್ನು ಒಂದೊಂದಾಗಿ ನೋಡಿ, ಹುಸಿಯಾದುದನ್ನು ತೆಗೆದುಹಾಕಿ, ಸಂಶಯಾಸ್ಪದವಾದುದನ್ನು ಮೇಲಕ್ಕೆ ಕಳಿಸುತ್ತಾನೆ. ನಡುವಿನವನು ಅದನ್ನು ಶೋಧಿಸುತ್ತಾನೆ. ಮೇಲಿನವನು, ಯಾವ ಎಚ್ಚರಿಕೆಯೂ ಬಾರದಿದ್ದಾಗಲೂ ಅಡಗಿ ಕುಳಿತ ಶತ್ರುವನ್ನು ತಾನಾಗಿ ಹುಡುಕುತ್ತಾನೆ. ಹೊಸಬರು ಪ್ರವೇಶಿಸುವುದು ಕೆಳಗಿನ ಅಂತಸ್ತಿನಿಂದ. ಬೇಸರದ ಕೆಲಸ, ಆದರೆ ಮೇಲಿನವರಲ್ಲಿ ಬಹುಮಂದಿ ಒಂದು ಕಾಲಕ್ಕೆ ಆ ಬೇಸರವನ್ನು ಉಂಡವರೇ.

ಈ ವ್ಯವಸ್ಥೆಯ ಬಲವನ್ನೂ ಬಲಹೀನತೆಯನ್ನೂ ಒಂದೇ ಘಟನೆ ಲೋಕಕ್ಕೆ ತೋರಿಸಿತು. ಟಾರ್ಗೆಟ್ ಎಂಬುದು ಅಮೆರಿಕದ ದೊಡ್ಡ ಅಂಗಡಿಗಳ ಕಂಪನಿ. ಅದರ ಮುಖ್ಯ ಕಚೇರಿ ಮಿನಿಯಾಪೊಲಿಸ್ ನಗರದಲ್ಲಿ. 2013ರಲ್ಲಿ ಅದು ಫೈರ್‌ಐ ಎಂಬ ಸಂಸ್ಥೆಯ ಎಚ್ಚರಿಕೆಯ ಯಂತ್ರವ್ಯವಸ್ಥೆಯನ್ನು 16 ಲಕ್ಷ ಡಾಲರ್ ವೆಚ್ಚದಲ್ಲಿ ಅಳವಡಿಸಿಕೊಂಡಿತ್ತು. ಅದರ ಗಣಕಗಳನ್ನು ಹಗಲಿರುಳು ನೋಡುತ್ತಿದ್ದ ತಂಡ ಇದ್ದದ್ದು ಬೆಂಗಳೂರಿನಲ್ಲಿ. ಅಂಗಡಿಗಳ ಶೀತಲಯಂತ್ರ ನೋಡಿಕೊಳ್ಳುವ ಒಬ್ಬ ಗುತ್ತಿಗೆದಾರನ ಪ್ರವೇಶಪದವನ್ನು ಕದ್ದು ಕಳ್ಳರು ಒಳನುಗ್ಗಿದರು. ಕದ್ದ ಮಾಲನ್ನು ಸಾಗಿಸುವ ಹಾದಿಯನ್ನು ನವೆಂಬರ್ 30ರಂದು ಅವರು ಸಿದ್ಧಪಡಿಸುತ್ತಿದ್ದಾಗ ಯಂತ್ರ ಎಚ್ಚರಿಕೆ ಕೊಟ್ಟಿತು. ಬೆಂಗಳೂರಿನ ತಂಡ ಅದನ್ನು ಕಂಡು ಮಿನಿಯಾಪೊಲಿಸಿಗೆ ತಿಳಿಸಿತು. ಅಲ್ಲಿ ಏನೂ ನಡೆಯಲಿಲ್ಲ. ಎಚ್ಚರಿಕೆಯನ್ನು ಪರಿಶೀಲಿಸಿ, ತತ್‌ಕ್ಷಣ ಕ್ರಮಕ್ಕೆ ಯೋಗ್ಯವಲ್ಲವೆಂದು ತೀರ್ಮಾನಿಸಲಾಗಿತ್ತೆಂದು ಕಂಪನಿ ಆಮೇಲೆ ಹೇಳಿತು. ಪರಿಣಾಮ: ಸುಮಾರು 4 ಕೋಟಿ ಜನರ ಕಾರ್ಡುಗಳ ವಿವರ ಕಳ್ಳರ ಪಾಲಾಯಿತು, 7 ಕೋಟಿ ಜನರ ಹೆಸರು ವಿಳಾಸಾದಿಗಳೂ ಹೋದವು. ಮರುವರ್ಷ ಕಂಪನಿಯ ಮುಖ್ಯಾಧಿಕಾರಿಯೇ ಹುದ್ದೆ ಬಿಡಬೇಕಾಯಿತು.

ಅಮೆರಿಕದ ಪತ್ರಿಕೆಯೊಂದು 2014ರ ಮಾರ್ಚ್ ತಿಂಗಳಲ್ಲಿ ಈ ವೃತ್ತಾಂತವನ್ನು ವಿಸ್ತಾರವಾಗಿ ಪ್ರಕಟಿಸಿದಾಗ ಇನ್ನೊಂದು ಸಂಗತಿಯೂ ಹೊರಬಂದಿತು. ಕಂಡ ಕೂಡಲೇ ಆ ದುಷ್ಟ ಕ್ರಮವಿಧಿಯನ್ನು ತಾನೇ ಅಳಿಸಿಹಾಕುವ ಶಕ್ತಿ ಆ ಯಂತ್ರಕ್ಕಿತ್ತು. ಆದರೆ ಆ ಗುಂಡಿಯನ್ನು ಆರಿಸಿ ಇಡಲಾಗಿತ್ತು. ಕೊನೆಯ ತೀರ್ಮಾನ ಮನುಷ್ಯನ ಕೈಯಲ್ಲಿರಲಿ ಎಂಬುದು ಅನೇಕ ಕಡೆ ರೂಢಿಯಲ್ಲಿದ್ದ ಎಚ್ಚರಿಕೆಯೇ ಆಗಿತ್ತು. ಇಲ್ಲಿ ಯಂತ್ರ ತಪ್ಪಲಿಲ್ಲ; ಬೆಂಗಳೂರಿನ ಕಣ್ಣುಗಳೂ ತಪ್ಪಲಿಲ್ಲ. ನೋಡುವವನಿಗೂ ನಿರ್ಧರಿಸುವವನಿಗೂ ನಡುವೆ ಹನ್ನೊಂದೂವರೆ ಗಂಟೆಗಳ ಕಾಲಾಂತರವಿತ್ತು. ಅದಕ್ಕಿಂತ ದೊಡ್ಡದಾದ ಅಧಿಕಾರದ ಅಂತರವಿತ್ತು. ಕಳ್ಳನನ್ನು ಕಂಡ ತಳವಾರ ಕೂಗಿದ. ಗೌಡರು ಮಗ್ಗಲು ಬದಲಿಸಿ ಮಲಗಿದರು. ಕೆಳಗಿನ ಮೆಟ್ಟಿಲಿನವನ ಮಾತಿಗೆ ತೂಕವಿಲ್ಲದಿದ್ದರೆ ಎಷ್ಟು ಲಕ್ಷದ ಯಂತ್ರವಿದ್ದರೂ ಅದು ಬರಿಯ ಗಂಟೆಯೇ ಸರಿ.

ಲೋಕ ಇದರಿಂದ ಕಲಿತ ಪಾಠ ಬೇರೆಯಾಯಿತು. ಎಚ್ಚರಿಕೆಗಳು ಬಹಳವಾದವು, ಕಣ್ಣುಗಳು ದಣಿದವು. ಆದುದರಿಂದ ಮೊದಲ ನೋಟವನ್ನೂ ಯಂತ್ರವೇ ನೋಡಲಿ ಎಂಬ ಪಾಠ. ಎಲ್-ಒನ್ ಹುಡುಗ ಮಾಡುತ್ತಿದ್ದ ಹೆಜ್ಜೆಗಳನ್ನು ಒಂದು ಕ್ರಮಪಟ್ಟಿಯಾಗಿ ಬರೆದು ಯಂತ್ರದಿಂದಲೇ ನಡೆಸುವ ಸಲಕರಣೆಗಳು ಕಳೆದ ದಶಕದಲ್ಲಿ ಬಂದವು. 2016ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಾರ್ಪಾ ಏಳು ಯಂತ್ರಗಳ ನಡುವೆಯೇ ಒಂದು ಪಂದ್ಯವನ್ನು ಏರ್ಪಡಿಸಿತು. ಮನುಷ್ಯರ ಸಹಾಯವಿಲ್ಲದೆ ಅವು ಪರಸ್ಪರರ ದೋಷಗಳನ್ನು ಹುಡುಕಬೇಕು, ತಮ್ಮವನ್ನು ತಿದ್ದಿಕೊಳ್ಳಬೇಕು. ಗೆದ್ದ ಮೇಹೆಮ್ ಎಂಬ ಯಂತ್ರ ಕೂಡಲೇ ಮನುಷ್ಯರ ತಂಡಗಳೊಡನೆ ಸೆಣಸಿ ಕೊನೆಯ ಸ್ಥಾನ ಪಡೆಯಿತು. ಅಂದು ಅನೇಕರು ನಕ್ಕರು. ಆದರೆ 2022ರ ಕೊನೆಯಲ್ಲಿ ಮನುಷ್ಯರಂತೆ ಬರೆಯಬಲ್ಲ, ಉತ್ತರಿಸಬಲ್ಲ ಕೃತಕ ಬುದ್ಧಿಮತ್ತೆಯ ಯಂತ್ರಗಳು ಜನರ ಕೈಗೆ ಬಂದವು; ಮರುವರ್ಷವೇ ಅವು ಕಾವಲುಮನೆಗಳ ಬಾಗಿಲನ್ನೂ ತಟ್ಟಿದವು. ಈಗ ಎಚ್ಚರಿಕೆಯನ್ನು ಓದಿ, ಹಿನ್ನೆಲೆ ಹುಡುಕಿ, ವರದಿಯ ಕರಡನ್ನೂ ಯಂತ್ರವೇ ಬರೆದುಕೊಡುತ್ತದೆ. ಆ ಹುಡುಗನ ಪ್ರಶ್ನೆ ಹುಟ್ಟಿದ್ದು ಇಲ್ಲಿ.

ಬ್ಯಾಂಕುಗಳ ಒಪ್ಪಂದವಾದ ಅದೇ 1983ರಲ್ಲಿ ಇಂಗ್ಲೆಂಡಿನ ಮನೋವಿಜ್ಞಾನಿ ಲಿಸಾನ್ ಬೇನ್‌ಬ್ರಿಜ್ ಸ್ವಯಂಚಾಲನದ ವಿಪರ್ಯಾಸಗಳನ್ನು ಕುರಿತು ಒಂದು ಚಿಕ್ಕ ಪ್ರಬಂಧ ಬರೆದರು. ಅವರ ವಿಚಾರ ಇಷ್ಟು: ಸುಲಭವಾದ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟು ಕಠಿಣವಾದುದನ್ನು ಮಾತ್ರ ಮನುಷ್ಯನಿಗೆ ಉಳಿಸುತ್ತೇವೆ, ಆದರೆ ಕಠಿಣವಾದುದನ್ನು ಮಾಡುವ ಶಕ್ತಿ ಬರುವುದು ಸುಲಭವಾದುದರ ನಿತ್ಯದ ಅಭ್ಯಾಸದಿಂದಲೇ. ಅಭ್ಯಾಸವನ್ನು ಕಸಿದುಕೊಂಡು ನೈಪುಣ್ಯವನ್ನು ಬೇಡುತ್ತೇವೆ. ಅವರು ಹೇಳಿದ್ದು ಕಾರ್ಖಾನೆಗಳನ್ನು ಕುರಿತು. ಇಂದಿನ ಕಾವಲುಮನೆಗಳಿಗೆ ಅದು ಅಕ್ಷರಶಃ ಒಪ್ಪುತ್ತದೆ. ಎಪ್ಪತ್ತೈದು ಸೆಂಟುಗಳ ಲೆಕ್ಕವನ್ನು ಯಂತ್ರವೇ ಸರಿಪಡಿಸಿಬಿಟ್ಟಿದ್ದರೆ ಸ್ಟಾಲ್ ಪತ್ತೇದಾರನಾಗುತ್ತಿರಲಿಲ್ಲ.

ನೈಪುಣ್ಯ ಬೇಕಾಗುವುದು ಯಾವಾಗ? ಯಂತ್ರ ಕೈಕೊಟ್ಟಾಗ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ಸಂಸ್ಥೆ ತಾನೇ ತಾನಾಗಿ ಹೋಗಿ ಸೇರುವ ಒಂದು ಪರಿಷ್ಕರಣವನ್ನು ಜಗತ್ತಿನಾದ್ಯಂತ ಕಳಿಸಿತು. ಅದರಲ್ಲಿ ದೋಷವಿತ್ತು. ಸುಮಾರು 85 ಲಕ್ಷ ಗಣಕಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಿಂದ ಬರೆದ ಬೋರ್ಡಿಂಗ್ ಪಾಸುಗಳನ್ನು ಕೊಡಬೇಕಾಯಿತು. ಕಳ್ಳನೇ ಬಂದಿರಲಿಲ್ಲ, ಕಾವಲುಗಾರನೇ ಬಾಗಿಲಿಗೆ ಅಡ್ಡಬಿದ್ದಿದ್ದ. ಮುಂದೆ ಆ ಗಣಕಗಳನ್ನು ಎಬ್ಬಿಸಿದ್ದು ಬಹುಮಟ್ಟಿಗೆ ಮನುಷ್ಯರೇ, ಒಂದೊಂದು ಯಂತ್ರದ ಮುಂದೆ ನಿಂತು, ದೋಷದ ಕಡತವನ್ನು ಕೈಯಾರೆ ತೆಗೆದುಹಾಕಿ. ಆ ದಿನ ಜಗತ್ತಿಗೆ ಬೇಕಾದವರು, ಯಂತ್ರ ಇಲ್ಲದೆಯೂ ಯಂತ್ರವನ್ನು ಬಲ್ಲವರು.

ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ತರಬೇತಿ ಸಂಸ್ಥೆಯಿದೆ. ಕುಂಬಾರಿಕೆಗೆ ಈಗ ವಿದ್ಯುತ್ತಿನ ತಿಗರಿ ಬಂದಿದೆ. ಕೋಲಿನಿಂದ ಚಕ್ರ ತಿರುಗಿಸುವ ಶ್ರಮವನ್ನು ಅದು ಕಳೆದಿದೆ. ಆದರೆ ಮಣ್ಣಿನ ಮುದ್ದೆಯನ್ನು ತಿಗರಿಯ ನಟ್ಟನಡುವೆ ಕೂರಿಸುವ ವಿದ್ಯೆಯನ್ನು ಹೊಸಬನು ಇಂದಿಗೂ ತನ್ನ ಕೈಯಿಂದಲೇ, ಹತ್ತಾರು ಮಡಕೆಗಳನ್ನು ಕೆಡಿಸಿಯೇ ಕಲಿಯಬೇಕು. ಶ್ರಮವನ್ನು ಕಳೆಯುವ ಯಂತ್ರ ಬೇರೆ, ಅಭ್ಯಾಸವನ್ನು ಕಳೆಯುವ ಯಂತ್ರ ಬೇರೆ. ಮೊದಲನೆಯದನ್ನು ಸಂತೋಷದಿಂದ ಬರಮಾಡಿಕೊಳ್ಳಬೇಕು. ಎರಡನೆಯದನ್ನು ಬರಮಾಡಿಕೊಳ್ಳುವಾಗ, ಕಳೆದುಹೋಗುವ ಅಭ್ಯಾಸಕ್ಕೆ ಬೇರೆಡೆ ಜಾಗ ಮಾಡಿಕೊಡಬೇಕು. ಹಳೆಯ ಕಳವುಗಳ ದಿನಚರಿಗಳನ್ನು ಹೊಸಬರಿಂದ ಮತ್ತೆ ಓದಿಸಬಹುದು. ಯಂತ್ರ ಹುಸಿಯೆಂದು ತಳ್ಳಿದ ಎಚ್ಚರಿಕೆಗಳಲ್ಲಿ ಒಂದು ಪಾಲನ್ನು ಹಿರಿಯನೊಬ್ಬನ ಮಗ್ಗುಲಲ್ಲಿ ಕುಳಿತು ಪರೀಕ್ಷಿಸಲು ಕೊಡಬಹುದು. 2024ರ ಆಗಸ್ಟ್ ತಿಂಗಳಲ್ಲಿ ಪ್ರಕಟವಾದ ಕರ್ನಾಟಕದ ಸೈಬರ್ ಭದ್ರತಾ ನೀತಿ ಕೌಶಲ ನಿರ್ಮಾಣಕ್ಕೂ ಸ್ಥಾನ ಕೊಟ್ಟಿದೆ. ಅದು ಪ್ರಮಾಣಪತ್ರಗಳನ್ನು ಹಂಚುವುದರಲ್ಲಿ ಮುಗಿಯದೆ, ಇಂಥ ಮಗ್ಗುಲ ಕಲಿಕೆಯಾಗಿ ಬೆಳೆಯಬೇಕು. ಕಂಪನಿಗಳ ಲೆಕ್ಕದಲ್ಲಿ ಇದು ಖರ್ಚು. ಆದರೆ ಕೆಳಗಿನ ಮೆಟ್ಟಿಲನ್ನು ಕಿತ್ತವನು ಹತ್ತು ವರ್ಷಗಳ ಅನಂತರ ಮೇಲಿನ ಮೆಟ್ಟಿಲಿಗೆ ಯಾರನ್ನು ತಂದಾನು?

ಆ ಹುಡುಗನಿಗೆ ನಾನು ಇಷ್ಟನ್ನೆಲ್ಲ ಹೇಳಲಿಲ್ಲ. ಯಂತ್ರ ಉತ್ತರ ಕೊಟ್ಟಾಗ “ಏಕೆ?” ಎಂದು ಒಮ್ಮೆ ಕೇಳುವ ಚಟ ಬೆಳೆಸಿಕೋ, ಉತ್ತರ ಸರಿಯಿದ್ದರೂ ಲೆಕ್ಕವನ್ನು ಒಮ್ಮೆ ಕೈಯಿಂದ ಮಾಡಿ ನೋಡು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದಕ್ಕ ಟೈಮ್ ಯಾರು ಕೊಡ್ತಾರ್ರೀ ಸರ?” ಎಂದ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಅವನಲ್ಲ, ನಾನೂ ಅಲ್ಲ. ಅವನಿಗೆ ನಾಳೆ ಕೆಲಸ ಕೊಡುವವರು. ಅವರ ಮನೆಯ ಕೀಲಿಕೈ ಮುಂದೆ ಇಂಥ ಹುಡುಗರ ಕೈಯಲ್ಲಿಯೇ ಇರುತ್ತದೆ ಎಂಬುದನ್ನು ಅವರು ಯೋಚಿಸಬೇಕು.